ಬೀದಿ ಬದಿಯ ತಿಂಡಿ: ಭಯವೂ ಬೇಡ, ಮೈಮರೆವೂ ಬೇಡ

(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ಆಸ್ಪತ್ರೆಯಲ್ಲಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಪುತ್ತೂರು, ಸುಳ್ಯ, ಕಡಬ ಕಡೆಯ ತಾಯಂದಿರು ನನ್ನಲ್ಲಿ ಆಗಾಗ ಕೇಳುವ ಒಂದು ಮಾತಿದೆ. "ಡಾಕ್ಟ್ರೇ, ಮಗ ಬೆಂಗಳೂರಿನಲ್ಲಿದ್ದಾನೆ. ಸಂಜೆಯಾದರೆ ರಸ್ತೆ ಬದಿಯಲ್ಲಿ ತಿನ್ನುತ್ತಾನಂತೆ. ಬೇಡ ಎಂದು ನೀವಾದರೂ ಹೇಳಿ." ಇಂದು ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ. ಆದರೆ ತಿನ್ನಲೇಬಾರದು ಎಂದು ನಾನು ಹೇಳುವುದಿಲ್ಲ. ಏಕೆಂದರೆ ನಾನೂ ತಿಂದವನೇ.

ಓದಲೆಂದು ನಮ್ಮೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದಾಗ ನನಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಒಂದು ಸಂಜೆ ಗೆಳೆಯರು ವಿ.ವಿ. ಪುರಂನ ತಿಂಡಿ ಬೀದಿಗೆ ಕರೆದುಕೊಂಡು ಹೋದರು. ಸಜ್ಜನ್ ರಾವ್ ವೃತ್ತದ ಬಳಿ ಸಾಲು ಸಾಲು ಅಂಗಡಿಗಳು. ಚಳಿಗಾಲವಾದ್ದರಿಂದ ಎಲ್ಲೆಲ್ಲೂ ಅವರೆಕಾಳಿನ ಘಮ. ಕಾವಲಿಯ ಮೇಲಿನ ಅವರೆಬೇಳೆ ದೋಸೆ ನೇರವಾಗಿ ಕೈಗೆ ಬಂತು. ನೀರುದೋಸೆ, ಪುಂಡಿ ತಿಂದು ಬೆಳೆದ ನನಗೆ ಅದು ಹೊಸ ರುಚಿ. ನಿಂತುಕೊಂಡು, ನಾಲ್ಕು ಜನರ ಜೊತೆ ನಗುತ್ತಾ ತಿಂದ ಆ ದೋಸೆಯಿಂದ ಬೆಂಗಳೂರು ನನಗೆ ಮೊದಲ ಬಾರಿಗೆ ನನ್ನ ಊರು ಅನ್ನಿಸಿತು. ಬೀದಿಯ ತಿಂಡಿ ಎಂದರೆ ಬರೀ ನಾಲಿಗೆಯ ಚಪಲವಲ್ಲ. ದೂರದ ಊರಿನಲ್ಲಿ ಒಂಟಿಯಾಗಿರುವ ಮಕ್ಕಳಿಗೆ ಅದು ಸ್ನೇಹ, ಕಡಿಮೆ ಖರ್ಚಿನ ಸಂತೋಷ. ಇದನ್ನು ಮನೆಯ ಹಿರಿಯರು ಅರ್ಥ ಮಾಡಿಕೊಳ್ಳಬೇಕು.

ಕೆಲವು ತಿಂಗಳ ನಂತರ ನನಗೆ ಜ್ವರ ಬಂತು. ಅಮ್ಮ ಫೋನಿನಲ್ಲಿ "ಏನು ಉಂಡೆ?" ಎಂದು ಕೇಳಿದಾಗಲೆಲ್ಲ "ಮೆಸ್ಸಿನ ಊಟ" ಎಂದು ಸುಳ್ಳು ಹೇಳಿದೆ. ಜ್ವರದ ವಿಷಯವನ್ನೂ ಮುಚ್ಚಿಟ್ಟೆ. ಬೈಯುತ್ತಾರೆಂಬ ಹೆದರಿಕೆ ಜ್ವರದ ಹೆದರಿಕೆಗಿಂತ ದೊಡ್ಡದಾಗಿತ್ತು. ಹತ್ತು ದಿನ ಅಂಗಡಿಯ ಮಾತ್ರೆ ನುಂಗಿದೆ. ಹನ್ನೊಂದನೆಯ ದಿನ ಎದ್ದು ನಿಲ್ಲಲಾಗದೆ ಗೆಳೆಯರೇ ಆಸ್ಪತ್ರೆಗೆ ಹೊತ್ತೊಯ್ದರು. ಅದು ಟೈಫಾಯ್ಡ್ ಎಂದು ಕರೆಯುವ ವಿಷಮಶೀತ ಜ್ವರ. ಈ ಜ್ವರಕ್ಕೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಎರಡು ಮೂರನೆಯ ವಾರದಲ್ಲಿ ಕರುಳಿನಲ್ಲಿ ರಕ್ತಸ್ರಾವವಾಗಬಹುದು, ಕರುಳು ತೂತಾಗಲೂಬಹುದು. ನಾನು ಬದುಕಿದ್ದು ಗೆಳೆಯರಿಂದ.

ಯಾವ ತಿಂಡಿಯಿಂದ ಬಂತು ಎಂದು ಎಲ್ಲರೂ ಕೇಳಿದರು. ಹೇಳುವುದು ಕಷ್ಟ. ಟೈಫಾಯ್ಡ್ ರೋಗಾಣು ಹೊಟ್ಟೆ ಸೇರಿದ ಒಂದರಿಂದ ಮೂರು ವಾರದ ನಂತರ ಜ್ವರ ಕಾಣಿಸುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣುವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನಾವಾದರೋ ನಿನ್ನೆ ತಿಂದ ದೋಸೆಯನ್ನು ದೂರುತ್ತೇವೆ! ಈ ರೋಗಾಣುಗಳು ರೋಗಿಯ ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ಆಹಾರಕ್ಕೆ ಬರುತ್ತವೆ. ಆದ್ದರಿಂದ ನೋಡಬೇಕಾದದ್ದು ಅಂಗಡಿ ಬೀದಿಯಲ್ಲಿದೆಯೇ ಎಂಬುದನ್ನಲ್ಲ. ನೀರು, ಕೈ ಮತ್ತು ಬಿಸಿ, ಈ ಮೂರನ್ನು.

ಮೊದಲನೆಯದು ಬಿಸಿ. ನಿಮ್ಮ ಕಣ್ಣೆದುರೇ ಕಾವಲಿಯಿಂದ, ಬಾಣಲೆಯಿಂದ, ಇಡ್ಲಿ ಪಾತ್ರೆಯಿಂದ ಹಬೆಯಾಡುತ್ತಾ ಬಂದದ್ದನ್ನು ತಿನ್ನಬಹುದು. ಚೆನ್ನಾಗಿ ಬೆಂದಾಗ ರೋಗಾಣು ಸಾಯುತ್ತದೆ. ಬೆಳಗ್ಗೆ ಕರಿದು ಗುಡ್ಡೆ ಹಾಕಿದ ಬೋಂಡಾ ಸಂಜೆಗೆ ಅದೇ ಬೋಂಡಾ ಅಲ್ಲ. ಜನ ಹೆಚ್ಚು ಇರುವ ಗಾಡಿಯಲ್ಲಿ ತಿಂಡಿ ಬೇಗ ಖಾಲಿಯಾಗುತ್ತದೆ, ಹಳಸಲು ಸಮಯವಿರುವುದಿಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆಯಾಡುತ್ತಿದ್ದರೆ ಮುಂದೆ ನಡೆಯಿರಿ.

ಎರಡನೆಯದು ನೀರು. ಹೆಚ್ಚಿನ ತೊಂದರೆ ಇಲ್ಲಿದೆ. ದೋಸೆ ಬಿಸಿಯಾಗಿರುತ್ತದೆ, ಅದರ ಪಕ್ಕದ ಚಟ್ನಿ ತಣ್ಣಗಿರುತ್ತದೆ. ಪಾನಿಪುರಿಯ ಪುರಿ ಗರಿಗರಿಯಾಗಿರುತ್ತದೆ, ಪಾನಿ ಎಲ್ಲಿಯದೋ ತಿಳಿಯದು. ಕಬ್ಬಿನ ಹಾಲು ಒಳ್ಳೆಯದೇ, ಆದರೆ ಅದಕ್ಕೆ ಹಾಕುವ ಐಸ್ ಯಾವ ನೀರಿನದು? ನೀರು ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ಹೆಚ್ಚಿಟ್ಟ ಕಲ್ಲಂಗಡಿ, ಸೌತೆಕಾಯಿಗೂ ಇದೇ ಮಾತು. ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ, ಬೇಯಿಸಿದ ಕಡಲೆಕಾಯಿ, ಕೆಂಡದ ಮೇಲೆ ಸುಟ್ಟ ಜೋಳ ಉತ್ತಮ.

ಮೂರನೆಯದು ಕೈ. ಹಣ ಎಣಿಸಿದ ಕೈಯೇ ತಿಂಡಿ ಮುಟ್ಟುತ್ತಿದೆಯೇ ನೋಡಿ. ತಟ್ಟೆಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದರೆ ಬಾಳೆಲೆ, ಅಡಿಕೆ ಹಾಳೆಯ ತಟ್ಟೆ ಕೇಳಿ. ಹಾಳೆ ತಟ್ಟೆ ನಮ್ಮ ತೋಟದ್ದೇ ಅಲ್ಲವೇ! ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಬಜ್ಜಿ ಬೇಡ, ಶಾಯಿ ಎಣ್ಣೆಗೆ ಅಂಟುತ್ತದೆ. ತಿನ್ನುವ ನಮ್ಮ ಕೈಯೂ ಸೋಪು ಕಂಡಿರಬೇಕು.

ಇವಲ್ಲದೆ ಬಣ್ಣದ ವಿಷಯವೊಂದಿದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಇಂತಹ ಬಣ್ಣ ಸಿಕ್ಕಿತ್ತು. ಮಕ್ಕಳ ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿದ್ದರಿಂದ ಅದನ್ನೂ ತಡೆಯಲಾಯಿತು. ಕೈಗೆ ಅಂಟುವ ಕೆಂಪು ಕಂಡರೆ ಬೇಡವೆನ್ನಿ.

ಇದೆಲ್ಲ ದೊಡ್ಡ ಪಟ್ಟಣಕ್ಕೆ ಮಾತ್ರ ಎಂದು ತಿಳಿಯಬೇಡಿ. ಏಪ್ರಿಲಿನ ಪುತ್ತೂರು ಜಾತ್ರೆ, ಸುಬ್ರಹ್ಮಣ್ಯದ ಷಷ್ಠಿ, ಸುಳ್ಯದ ಜಾತ್ರೆ, ಎಲ್ಲ ಕಡೆಯೂ ಇದೇ ಅಳತೆ. ಬಾಣಲೆಯಿಂದ ಎದ್ದ ಗೋಳಿಬಜೆ ಸರಿ. ಚರ್ಮುರಿಯನ್ನು ಆಗಲೇ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ಹಾಕಿ ಎದುರಿಗೇ ಕಲಸಿದರೆ ಅದೂ ಆಗಬಹುದು. ಐಸ್ ಹಾಕಿದ ಬಣ್ಣದ ಶರಬತ್ತು ಬೇಡ.

ಮಾರುವವರನ್ನು ಹೀಗಳೆಯುವುದೂ ತಪ್ಪು. ಬೆಳಗ್ಗೆ ಸಾಮಾನು ಹೊಂದಿಸಿ, ರಾತ್ರಿಯವರೆಗೆ ನಿಂತು ದುಡಿಯುವ ಕಾಯಕ ಅದು. ಎಷ್ಟೋ ಕಡೆ ಅವರಿಗೆ ನಲ್ಲಿಯಿಲ್ಲ, ಶೌಚಾಲಯವಿಲ್ಲ. ಅವರ ಜೀವನೋಪಾಯದ ರಕ್ಷಣೆಗೆ 2014ರಲ್ಲಿ ಕೇಂದ್ರ ಕಾನೂನೇ ಬಂದಿದೆ. ಬೀದಿಗೆ ಶುದ್ಧ ನೀರು ಬಂದರೆ ಅವರ ಕೈಯೂ ಶುದ್ಧ, ನಮ್ಮ ಹೊಟ್ಟೆಯೂ ಶುದ್ಧ.

ಇಷ್ಟಾಗಿಯೂ ಕಾಯಿಲೆ ಬಂದರೆ? ವಾಂತಿ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಅದರಲ್ಲಿ ಬರೆದಷ್ಟೇ ಶುದ್ಧ ನೀರಿಗೆ ಕದಡಿ ಆಗಾಗ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ತಡಮಾಡಬೇಡಿ. ಜ್ವರ ಮೂರು ದಿನ ದಾಟಿದರೆ ವೈದ್ಯರನ್ನು ಕಾಣಿರಿ, ರಕ್ತ ಪರೀಕ್ಷೆ ಮಾಡಿಸಿರಿ, ಕೊಟ್ಟ ಔಷಧಿಯನ್ನು ಪೂರ್ತಿ ಮುಗಿಸಿರಿ. ಕಣ್ಣು ಹಳದಿಯಾಗಿ, ಮೂತ್ರ ಗಾಢವಾದರೆ ಅದು ಕಾಮಾಲೆ. ನಮ್ಮ ಕಡೆ ಆಗ ಮೊದಲು ನಾಟಿ ಮದ್ದು, ಉಪವಾಸ ಎನ್ನುತ್ತಾರೆ. ಮೊದಲು ಪರೀಕ್ಷೆಯಾಗಲಿ, ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೂಡ ಬೇಡ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಪ್ರಾಣಾಪಾಯ ತರಬಲ್ಲದು. ಟೈಫಾಯ್ಡ್‌ಗೂ ಹೆಪಟೈಟಿಸ್ ಎಗೂ ಲಸಿಕೆಗಳಿವೆ. ಮಕ್ಕಳು ಊರು ಬಿಡುವ ಮೊದಲು ವೈದ್ಯರಲ್ಲಿ ವಿಚಾರಿಸಿರಿ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಊಟ ಬಿಟ್ಟವನಿಗೆ ಎನ್ನಲಿಲ್ಲ. ಆದ್ದರಿಂದ ಫೋನಿನಲ್ಲಿ "ಹೊರಗೆ ತಿಂದೆಯಾ?" ಎಂದು ಗದರಿಸಬೇಡಿ. "ಇವತ್ತು ಏನು ತಿಂದೆ, ಬಿಸಿಯಿತ್ತಾ, ಮೈ ಹುಷಾರಿದೆಯಾ?" ಎಂದು ಕೇಳಿ. ಹಾಗೆ ಕೇಳಿಸಿಕೊಂಡ ಮಗು ಜ್ವರ ಬಂದ ಮೊದಲ ದಿನವೇ ನಿಮಗೆ ಹೇಳುತ್ತದೆ. ನಾನು ಹನ್ನೊಂದು ದಿನ ಹೇಳಲಿಲ್ಲ. ಆಸ್ಪತ್ರೆಗೆ ಬಂದ ಅಮ್ಮ ಬೈಯಲೇ ಇಲ್ಲ; ಹಾಸಿಗೆಯ ಪಕ್ಕ ಕುಳಿತು, "ಆ ದೋಸೆ ಅಷ್ಟು ರುಚಿಯಾ?" ಎಂದಷ್ಟೇ ಕೇಳಿದರು. ಗುಣವಾದ ಮುಂದಿನ ಚಳಿಗಾಲದಲ್ಲಿ ಅವರನ್ನೂ ತಿಂಡಿ ಬೀದಿಗೆ ಕರೆದುಕೊಂಡು ಹೋದೆ. ಬಿಸಿ ದೋಸೆ ತಿಂದೆವು, ಚಟ್ನಿ ಬಿಟ್ಟೆವು.