ಬಸ್ಕಿಯೆಂದರೆ ಶಿಕ್ಷೆಯೇ?



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡಿನ ಮಾತು, ನುಡಿಯ ಮಾತು ಬೇಕಾದಷ್ಟು ಆಗುತ್ತದೆ. ಆ ನಾಡುನುಡಿಗಳ ಅಭಿಮಾನವನ್ನು ಹೊತ್ತು ತಿರುಗಬೇಕಾದ ಮೈಯ ಮಾತು ಮಾತ್ರ ಅಪರೂಪ. ಇಂದು ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ವ್ಯಾಯಾಮ ಒಳ್ಳೆಯದೆಂಬುದನ್ನು ಅರಿಯದವರು ಈ ಸಭೆಯಲ್ಲಿ ಒಬ್ಬರೂ ಇರಲಾರರು. ಅರಿತೂ ಮಾಡದವರೇ ಹೆಚ್ಚು. ಏಕೆ ಹೀಗೆ? ನಮ್ಮ ಊರ ಶಾಲೆಗಳನ್ನು ಒಮ್ಮೆ ನೆನೆಯಿರಿ. ಮಗ್ಗಿ ತಪ್ಪಿದ ಹುಡುಗನಿಗೆ ಮಾಸ್ತರರು "ಕಿವಿ ಹಿಡಿದು ಬಸ್ಕಿ ಹೊಡೆ" ಎನ್ನುತ್ತಿದ್ದರು. ತಡವಾಗಿ ಬಂದವನು ಮೈದಾನ ಸುತ್ತಬೇಕಾಗಿತ್ತು. ಅದೇ ಬಸ್ಕಿ ಅದೇ ಊರಿನ ಗರಡಿಮನೆಯಲ್ಲಿ ಸಾಧನೆಯೆನಿಸಿಕೊಳ್ಳುತ್ತಿತ್ತು. ಕೆಮ್ಮಣ್ಣಿಗೆ ಕೈಮುಗಿದು ಒಳಗಿಳಿದ ಪೈಲವಾನನು ನೂರಾರು ಬಸ್ಕಿ ತೆಗೆದು ನಗುನಗುತ್ತ ಹೊರಬರುತ್ತಿದ್ದನು. 'ದಂಡ' ಎಂಬ ಮಾತೂ ಹಾಗೆಯೇ. ಗರಡಿಯಲ್ಲಿ ಅದು ಸಾಮು, ಕಚೇರಿಯಲ್ಲಿ ಜುಲ್ಮಾನೆ. ವೈದ್ಯರು "ದಿನಾಲು ನಡೆಯಿರಿ" ಎಂದಾಗ ನಮಗೆ ಕೇಳಿಸುವುದು ಈ ಎರಡನೆಯ ದಂಡವೇ. ಶಿಕ್ಷೆಯನ್ನು ಯಾರು ತಾನೇ ಸಂತೋಷದಿಂದ ಅನುಭವಿಸುತ್ತಾರೆ? ಎಂಟು ದಿನ ಸಹಿಸಿ ಒಂಬತ್ತನೆಯ ದಿನ ತಪ್ಪಿಸಿಕೊಳ್ಳುತ್ತಾರೆ.

ಶಿಕ್ಷೆಯ ಭಾವನೆ ಕಳೆಯುವುದು ಹೇಗೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಯೆರವಡಾ ಎಂದೊಡನೆ ಜನರಿಗೆ ನೆನಪಾಗುವುದು ಸೆರೆಮನೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಅರುವತ್ತರ ವಯಸ್ಸಿನಲ್ಲಿ ಸುಮಾರು 385 ಕಿಲೋಮೀಟರು ನಡೆದು ದಾಂಡಿ ಸೇರಿದ ಗಾಂಧೀಜಿಯವರನ್ನು ಮೇ ತಿಂಗಳಲ್ಲಿ ಬಂಧಿಸಿ ತಂದದ್ದು ಇಲ್ಲಿಗೇ. ಅವರು ಇದನ್ನು 'ಯೆರವಡಾ ಮಂದಿರ'ವೆಂದು ಕರೆದರು. ಪ್ರಾರ್ಥನೆ, ನೂಲು, ಓದು, ನಡಿಗೆಗಳ ನಿತ್ಯನೇಮದಿಂದ ಸೆರೆಯೂ ಅವರಿಗೆ ಮಂದಿರವೇ ಆಯಿತು.

ಇಷ್ಟು ನಡೆದ ಮಹಾತ್ಮರು ಬಾಲ್ಯದಲ್ಲಿ ಶಾಲೆಯ ಅಂಗಸಾಧನೆಯನ್ನು ಮೆಚ್ಚುತ್ತಿರಲಿಲ್ಲವೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಬಯಲಿನ ನಡಿಗೆಯ ಗುಣಗಳನ್ನು ಪುಸ್ತಕಗಳಲ್ಲಿ ಓದಿದರು, ಅದು ಅವರ ಮನಸ್ಸಿಗೆ ಹಿಡಿಸಿತು, ರೂಢಿಯಾಯಿತು. ಒಂದು ಬಗೆಯ ವ್ಯಾಯಾಮ ಒಗ್ಗದವನಿಗೆ ಇನ್ನೊಂದು ಬಗೆ ಒಗ್ಗಬಹುದು. ಮೊದಲು ತನಗೆ ಹಿಡಿಸುವುದನ್ನು ಹುಡುಕಿಕೊಳ್ಳಬೇಕು. ನಡಿಗೆಯಾಗಲಿ, ಸೂರ್ಯನಮಸ್ಕಾರವಾಗಲಿ, ಮಕ್ಕಳೊಡನೆ ಚೆಂಡಾಟವಾಗಲಿ, ಕೋಲಾಟವೇ ಆಗಲಿ.

"ನಮ್ಮ ಮೈ ಇದಕ್ಕೆ ತಕ್ಕದ್ದಲ್ಲ" ಎನ್ನುವವರಿಗೆ ನಮ್ಮಂತೆಯೇ ನಮ್ಮ ನಾಡಿನಿಂದ ಈ ಊರಿಗೆ ಬಂದ ಒಬ್ಬರ ಕಥೆ ಹೇಳಬೇಕು. ಬಿ.ಕೆ.ಎಸ್. ಅಯ್ಯಂಗಾರ್ಯರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಮಲೇರಿಯಾ, ವಿಷಮಜ್ವರ, ಕ್ಷಯಗಳಿಂದ ನರಳಿದ ಬಡಕಲು ಹುಡುಗ. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದರು. 1975ರಲ್ಲಿ ಇಲ್ಲಿಯೇ ಯೋಗಸಂಸ್ಥೆಯನ್ನು ತೆರೆದರು. 2014ರಲ್ಲಿ, ತೊಂಬತ್ತೈದು ದಾಟಿದ ಮೇಲೆ, ಇಲ್ಲಿಯೇ ದೇಹ ಬಿಟ್ಟರು. ಮೈ ಬಾಗದವರಿಗೂ ಮುದುಕರಿಗೂ ಆಸನ ಸಾಧ್ಯವಾಗಲೆಂದು ಕುರ್ಚಿ, ಕಂಬಳಿ, ಹಗ್ಗಗಳ ನೆರವನ್ನು ಅವರು ಬಳಕೆಗೆ ತಂದರು. ಮೈಗೆ ತಕ್ಕಂತೆ ವ್ಯಾಯಾಮವನ್ನು ಹೊಂದಿಸಿಕೊಳ್ಳಬಹುದೆಂಬುದನ್ನು ಅವರಿಂದ ಕಲಿಯಬೇಕು.

ವಲಸೆ ಬಂದ ನಮಗೆ ಈ ಮಾತು ಹೆಚ್ಚು ಅಗತ್ಯ. ಊರಿನಲ್ಲಿ ಬಾವಿಯ ನೀರು, ಹೊಲದ ದಾರಿ, ಬೀಸುವ ಕಲ್ಲು ನಮ್ಮ ಹಿರಿಯರ ಮೈಯನ್ನು ಕೇಳದೆಯೇ ದುಡಿಸುತ್ತಿದ್ದವು. ಇಲ್ಲಿ ಲಿಫ್ಟು, ಮೋಟಾರು, ಕುರ್ಚಿ. ಬದಲಾಗದೆ ಉಳಿದಿರುವುದು ತಟ್ಟೆಯೊಂದೇ! ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಹಣಕ್ಕೆ ಹೇಗೋ ಆರೋಗ್ಯಕ್ಕೂ ಹಾಗೆಯೇ. ಸಿಹಿಮೂತ್ರ ರೋಗವು ನಮ್ಮ ದೇಶದವರಿಗೆ ಪಾಶ್ಚಾತ್ಯರಿಗಿಂತ ಎಳೆಯ ವಯಸ್ಸಿನಲ್ಲಿ, ಅಷ್ಟೇನೂ ದಪ್ಪವಿಲ್ಲದಿದ್ದರೂ ಬರುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಊಟದ ನಂತರದ ಸಣ್ಣ ನಡಿಗೆಗೂ ಈ ಗುಣವುಂಟು.

"ಮನೆಗೆಲಸವೇ ಸಾಕಷ್ಟು ವ್ಯಾಯಾಮ" ಎಂದು ತಾಯಂದಿರು ಹೇಳಬಹುದು. ಅದರಲ್ಲಿ ಸತ್ಯವಿದೆ. ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಕಲಬುರಗಿಗಳಿಂದ ಬಂದು ದಿನವಿಡೀ ಇಟ್ಟಿಗೆ ಹೊರುವ ನಮ್ಮ ಅಣ್ಣತಮ್ಮಂದಿರಿಗೆ ಬೇಕಾದದ್ದು ವಿಶ್ರಾಂತಿ, ಒಳ್ಳೆಯ ಊಟ. ಅವರಿಗೆ ವ್ಯಾಯಾಮದ ಉಪದೇಶ ಮಾಡುವುದು ಅವಿವೇಕ. ಆದರೆ ಒಲೆಯ ಮುಂದೆ ನಿಂತು ಸೊಂಟ ನೋಯಿಸಿಕೊಂಡ ತಾಯಿಗೆ ಅರ್ಧ ಗಂಟೆ ಬಯಲ ಗಾಳಿಯಲ್ಲಿ ಕೈಬೀಸಿ ನಡೆಯುವುದು ಮತ್ತೊಂದು ಕೆಲಸವಲ್ಲ, ಅವಳ ಸ್ವಂತದ ಹೊತ್ತು. ಆ ಹೊತ್ತಿನಲ್ಲಿ ಒಲೆಯನ್ನು ನೋಡಿಕೊಳ್ಳುವುದು ಗಂಡಂದಿರಿಗೂ ಒಂದು ವ್ಯಾಯಾಮವೇ!

ಎಷ್ಟು ಮಾಡಬೇಕು? ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಶ್ರಮ ಪಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಮು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಲೇಸೆಂದೂ ಹೇಳಿದೆ. ಆರಂಭಶೂರತ್ವ ಬೇಡ. ಮೊದಲ ವಾರ ಹತ್ತು ನಿಮಿಷ ಸಾಕು. ಹೃದ್ರೋಗ ಮೊದಲಾದವುಗಳಿದ್ದವರು ವೈದ್ಯರನ್ನು ಕೇಳಿ ತೊಡಗಲಿ. ಸ್ನಾನ ಮಾಡಲು ನಾವು ಉತ್ಸಾಹ ಬರಲೆಂದು ಕಾಯುವುದಿಲ್ಲ, ಮಾಡಿದ್ದಕ್ಕೆ ಹೊಗಳಿಕೆಯನ್ನೂ ಬಯಸುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಮಾಡುತ್ತೇವೆ. ವ್ಯಾಯಾಮವೂ ಸ್ನಾನದ ಪಕ್ಕದಲ್ಲಿ ತನ್ನ ಜಾಗ ಹಿಡಿಯಲಿ.

ಒಬ್ಬರೇ ಹೊರಟರೆ ಸೋಮಾರಿತನ ಗೆಲ್ಲುತ್ತದೆ, ಇಬ್ಬರಿದ್ದರೆ ಸಂಕೋಚಕ್ಕಾದರೂ ಏಳಬೇಕಾಗುತ್ತದೆ. ಆದ್ದರಿಂದ ಸಂಘಕ್ಕೆ ನಮ್ಮದೊಂದು ಸೂಚನೆ. ಪ್ರತಿ ಭಾನುವಾರ ಬೆಳಿಗ್ಗೆ ಮುಳಾ-ಮುಠಾ ನದಿಯ ಹಳೆಯ ಸೇತುವೆಯ ಕಡೆಗೆ ಕನ್ನಡ ಕುಟುಂಬಗಳು ಕೂಡಿ ನಡೆಯಲಿ. ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವ ಮಕ್ಕಳ ಕಿವಿಗೆ ಅಜ್ಜ ಅಜ್ಜಿಯರ ಕನ್ನಡ ಆ ದಾರಿಯಲ್ಲಿ ತಾನಾಗಿ ಬೀಳುತ್ತದೆ. ಕೀಲು ಹಿಡಿಯುವುದೂ ತಪ್ಪುತ್ತದೆ, ನಾಲಗೆ ಮರೆಯುವುದೂ ತಪ್ಪುತ್ತದೆ.

ನವೆಂಬರಿನಲ್ಲಿ ಮಾತ್ರ ಕನ್ನಡವೆಂದರೆ ನಾವು ನಗುತ್ತೇವೆ. ಜನವರಿಯಲ್ಲಿ ಮಾತ್ರ ವ್ಯಾಯಾಮವೆನ್ನುವುದೂ ಅದೇ ಜಾತಿಯದು. ಎರಡೂ ಉಳಿಯುವುದು ನಿತ್ಯದ ಬಳಕೆಯಿಂದ. ನಾಳೆ ಬೆಳಿಗ್ಗೆ ಹತ್ತು ನಿಮಿಷ ನಡೆದು ಬನ್ನಿರೆಂದು ಬಿನ್ನವಿಸುತ್ತೇವೆ.