ದೊಡ್ಡಕ್ಷರವೂ ಅಂಕಿತನಾಮವೂ
(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಮ್ಮ ಕೆಂಪು ಶಾಯಿ ಹೆಚ್ಚಾಗಿ ವ್ಯಯವಾಗುವುದು ಕ್ಯಾಪಿಟಲ್ ಲೆಟರ್ ಎಂಬ ದೊಡ್ಡಕ್ಷರದ ತಪ್ಪುಗಳಿಗೆ. ಊರಿನ ಹೆಸರು ಸಣ್ಣಕ್ಷರದಿಂದ ಆರಂಭವಾಗಿರುತ್ತದೆ. ವಾಕ್ಯದ ನಡುವಿನ ಹಸುವೋ ಮರವೋ ದೊಡ್ಡಕ್ಷರ ತೊಟ್ಟು ನಿಂತಿರುತ್ತದೆ. ಇದನ್ನು ಕಂಡ ಪಾಲಕರು, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಬಾರದೆಂದು ಕಳವಳಗೊಳ್ಳುತ್ತಾರೆ. ಆ ಕಳವಳಕ್ಕೆ ಉತ್ತರ ಹೇಳುವುದು ನಮ್ಮ ಹೊಣೆ.

ಕಾಸರಗೋಡಿನ ನಮ್ಮ ಮಕ್ಕಳು ಕನ್ನಡವನ್ನೂ ಹಿಂದಿಯನ್ನೂ ತರಗತಿಯಲ್ಲಿ ಓದುತ್ತಾರೆ. ಮಲಯಾಳವನ್ನು ಬಸ್ಸಿನ ಫಲಕಗಳಲ್ಲಿ ದಿನವೂ ಕಾಣುತ್ತಾರೆ. ಈ ಮೂರು ಲಿಪಿಗಳಲ್ಲಿಯೂ ಒಂದೇ ಅಕ್ಷರಕ್ಕೆ ದೊಡ್ಡದು, ಸಣ್ಣದು ಎಂಬ ಎರಡು ರೂಪಗಳಿಲ್ಲ. ಆದುದರಿಂದ ಈ ತಪ್ಪಿಗೆ ಮಗುವಿನ ಮಂದಬುದ್ಧಿ ಕಾರಣವಲ್ಲ, ಲಿಪಿಯ ಹೊಸತನ ಕಾರಣ.

ಲಿಪಿ ಹೊಸದಾದರೂ ಅದರ ಹಿಂದಿನ ವಿಚಾರ ಹೊಸದಲ್ಲ. ಕನ್ನಡ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮಗಳನ್ನು ನಾವು ಕಲಿಸುತ್ತೇವೆ. ನದಿ ರೂಢನಾಮ, ಚಂದ್ರಗಿರಿ ಅಂಕಿತನಾಮ. ಮನುಷ್ಯ ರೂಢನಾಮ, ಗೋವಿಂದ ಪೈ ಅಂಕಿತನಾಮ. ಇಂಗ್ಲಿಷಿನಲ್ಲಿ ಅಂಕಿತನಾಮವು ದೊಡ್ಡಕ್ಷರದಿಂದಲೂ ರೂಢನಾಮವು ಸಣ್ಣಕ್ಷರದಿಂದಲೂ ಆರಂಭವಾಗುತ್ತದೆ. ರೂಢನಾಮವು ಅಂಕಿತನಾಮದ ಅಂಗವಾದಾಗ ಅದಕ್ಕೂ ದೊಡ್ಡಕ್ಷರವೇ. ಬರಿಯ 'ರಿವರ್' ಸಣ್ಣಕ್ಷರ. 'ಚಂದ್ರಗಿರಿ ರಿವರ್' ಎಂಬಲ್ಲಿ ಎರಡು ಪದಗಳಿಗೂ ದೊಡ್ಡಕ್ಷರ. 'ಮೈ ಮದರ್' ಎಂಬಲ್ಲಿ 'ಮದರ್' ಸಣ್ಣಕ್ಷರ. ಹೆಸರಿಗೆ ಬದಲಾಗಿ 'ಮದರ್' ಎಂದೇ ಕರೆದರೆ ದೊಡ್ಡಕ್ಷರ.

ವಾರ, ತಿಂಗಳು, ಹಬ್ಬಗಳ ಹೆಸರುಗಳಿಗೆ ದೊಡ್ಡಕ್ಷರ ಸಲ್ಲುತ್ತದೆ; 'ಸಮ್ಮರ್', 'ವಿಂಟರ್' ಮುಂತಾದ ಋತುಗಳಿಗೆ ಸಲ್ಲದು. ಭಾಷೆ, ರಾಷ್ಟ್ರೀಯತೆಗಳನ್ನು ಸೂಚಿಸುವ 'ಕನ್ನಡ', 'ಇಂಗ್ಲಿಷ್', 'ಇಂಡಿಯನ್' ಪದಗಳಿಗೆ ವಾಕ್ಯದಲ್ಲಿ ಎಲ್ಲಿ ಬಂದರೂ ದೊಡ್ಡಕ್ಷರ. ಪಾಠವಿಷಯಗಳಾದ 'ಸೈನ್ಸ್', 'ಮ್ಯಾಥಮೆಟಿಕ್ಸ್' ಸಾಮಾನ್ಯ ವಾಕ್ಯದಲ್ಲಿ ಸಣ್ಣಕ್ಷರದಲ್ಲಿಯೇ ಇರುತ್ತವೆ.

ಅಂಕಿತನಾಮಕ್ಕೆ ಸಂಬಂಧಿಸದ ನಿಯಮಗಳು ಮುಖ್ಯವಾಗಿ ಮೂರು. ವಾಕ್ಯದ ಮೊದಲ ಪದಕ್ಕೆ ದೊಡ್ಡಕ್ಷರ. ಉದ್ಧರಣ ಚಿಹ್ನೆಯೊಳಗೆ ಒಬ್ಬರ ಮಾತು ಪೂರ್ಣ ವಾಕ್ಯವಾಗಿ ಬಂದಾಗ ಅದರ ಮೊದಲ ಪದಕ್ಕೂ ಹಾಗೆಯೇ. ಮೂರನೆಯದು, ನಾನು ಎಂಬರ್ಥದ 'ಐ'; ಅದು ಎಲ್ಲಿ ಬಂದರೂ ದೊಡ್ಡಕ್ಷರ. 'ಯು', 'ಹಿ', 'ವಿ'ಗಳಿಗೆ ಈ ನಿಯಮವಿಲ್ಲ. ಇಂಗ್ಲಿಷರು ತಮ್ಮನ್ನು ತಾವೇ ದೊಡ್ಡವರೆಂದುಕೊಂಡರೆ ಎಂದು ಮಕ್ಕಳು ನಗುತ್ತಾ ಕೇಳುವುದುಂಟು. ಪ್ರಾಚೀನ ಇಂಗ್ಲಿಷಿನಲ್ಲಿ ಈ ಸರ್ವನಾಮ 'ಇಚ್' ಎಂಬ ಎರಡಕ್ಷರದ ಪದವಾಗಿತ್ತು. ಅದು ಸವೆದು ಒಂದೇ ಅಕ್ಷರವಾದಾಗ, ಆ ಒಂಟಿ ಸಣ್ಣ ಗೀಟು ಹಸ್ತಪ್ರತಿಗಳಲ್ಲಿ ಕಣ್ತಪ್ಪದಿರಲೆಂದು ಲಿಪಿಕಾರರು ಅದನ್ನು ಉದ್ದಕ್ಕೆ ಬರೆದರು. ಕಾರಣವನ್ನು ತಿಳಿದ ಮಗು ನಿಯಮವನ್ನು ಸುಲಭವಾಗಿ ಮರೆಯದು.

ಅಲ್ಪವಿರಾಮ, ಅರ್ಧವಿರಾಮಗಳ ಅನಂತರ ದೊಡ್ಡಕ್ಷರ ಬೇಕಿಲ್ಲ. ಅಂದಕ್ಕಾಗಿಯೋ ಒತ್ತಿ ಹೇಳುವುದಕ್ಕಾಗಿಯೋ ನಡುನಡುವೆ ದೊಡ್ಡಕ್ಷರ ಬರೆಯುವ ಅಭ್ಯಾಸವನ್ನೂ ಬಿಡಿಸಬೇಕು. ಅರ್ಜಿಗಳಲ್ಲಿ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ತುಂಬಿಸುವುದು ಸ್ಪಷ್ಟತೆಗಾಗಿ ಮಾತ್ರ.

ಪಾಲಕರೆ, ತಮಗೆ ಇಂಗ್ಲಿಷ್ ಬಾರದು, ಮನೆಯಲ್ಲಿ ಹೇಳಿಕೊಡುವುದು ಹೇಗೆಂದು ತಮ್ಮಲ್ಲಿ ಹಲವರು ನಮ್ಮನ್ನು ಕೇಳಿದ್ದೀರಿ. ಮಗುವಿನ ಪುಸ್ತಕವನ್ನು ತೆರೆದು, ಒಂದೊಂದು ಪದವನ್ನು ತೋರಿಸಿ, ಇದು ರೂಢನಾಮವೋ ಅಂಕಿತನಾಮವೋ ಎಂದು ಕನ್ನಡದಲ್ಲಿಯೇ ಕೇಳಿರಿ. ಮಗುವೇ ಯೋಚಿಸಿ ತಿದ್ದಿಕೊಳ್ಳುತ್ತದೆ. ಉಳಿದುದನ್ನು ನಾವು ತರಗತಿಯಲ್ಲಿ ನೋಡಿಕೊಳ್ಳುತ್ತೇವೆ. ತಾಯ್ನುಡಿಯಲ್ಲಿ ಗಟ್ಟಿಯಾಗಿ ಕಲಿತ ವ್ಯಾಕರಣವು ಇಂಗ್ಲಿಷಿಗೆ ಅಡ್ಡಿಯಲ್ಲ, ಆಧಾರ. ಈ ವಿಶ್ವಾಸದಿಂದಲೇ ನಾವು ಕಲಿಸುತ್ತಿದ್ದೇವೆ. ಇದೇ ವಿಶ್ವಾಸದಿಂದ ತಮ್ಮ ಮಕ್ಕಳನ್ನು ನಮ್ಮ ಶಾಲೆಗೆ ಕಳುಹಿಸಿರೆಂದು ವಿನಂತಿಸುತ್ತೇವೆ.