ಪ್ರಯಾಣದ ಸಿದ್ಧತೆ ಮತ್ತು ತವಕ್ಕುಲ್

(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಕಳೆದ ವಾರ ಅಸರ್ ನಮಾಝಿನ ಬಳಿಕ ನಮ್ಮ ಜಮಾಅತಿನ ಮೂವರು ಯುವಕರು ಬಂದು, "ಉಸ್ತಾದರೇ, ಬೈಕಿನಲ್ಲಿ ಲಡಾಖ್‌ಗೆ ಹೊರಟಿದ್ದೇವೆ, ದುಆ ಮಾಡಿ" ಎಂದರು. ಒಬ್ಬ ಯಾವ ದಿನ ಎಷ್ಟು ಗಂಟೆಗೆ ಎಲ್ಲಿರಬೇಕೆಂದು ಪಟ್ಟಿ ಬರೆದಿದ್ದ. ಇನ್ನೊಬ್ಬ, "ತವಕ್ಕುಲ್ ಇದ್ದರೆ ಸಾಕು, ಪಟ್ಟಿ ಯಾಕೆ?" ಎಂದ. ಯಾರು ಸರಿ?

ಹಿಂದೆ ಯಮನಿನ ಕೆಲವರು ತವಕ್ಕುಲ್ ಎನ್ನುತ್ತಾ ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಟು, ಮಕ್ಕಾದಲ್ಲಿ ಜನರ ಮುಂದೆ ಕೈಚಾಚುತ್ತಿದ್ದರು. ಬುತ್ತಿ ಕಟ್ಟಿಕೊಳ್ಳಬೇಕೆಂಬ ಆಜ್ಞೆ ಸೂರಃ ಅಲ್-ಬಕರಃದಲ್ಲಿ ಅವತೀರ್ಣವಾದದ್ದು ಆ ಹಿನ್ನೆಲೆಯಲ್ಲಿ. ತನ್ನ ಭಾರವನ್ನು ಇತರರ ಹೆಗಲಿಗೆ ಹಾಕುವುದು ತವಕ್ಕುಲ್ ಅಲ್ಲ.

ಹಿಜ್ರತನ್ನು ನೋಡಿ. ಅಬೂಬಕರ್(ರ) ಎರಡು ಒಂಟೆಗಳನ್ನು ನಾಲ್ಕು ತಿಂಗಳು ಮೇವು ಹಾಕಿ ಸಾಕಿದ್ದರು. ದಾರಿ ಬಲ್ಲವನೆಂಬ ಕಾರಣಕ್ಕೆ ಮುಸ್ಲಿಮನಲ್ಲದ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ನೇಮಿಸಿಕೊಂಡರು. ಮದೀನಾ ಉತ್ತರದಲ್ಲಿದ್ದರೂ ಮೊದಲು ದಕ್ಷಿಣದ ಸೌರ್ ಗುಹೆಗೆ ಹೋಗಿ ಮೂರು ರಾತ್ರಿ ತಂಗಿದರು. ಜನರು ಪ್ರವಾದಿ(ಸ)ರ ಬಳಿ ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲು ಅಲೀ(ರ) ಮಕ್ಕಾದಲ್ಲೇ ಉಳಿದರು.

ಇಷ್ಟೆಲ್ಲ ಸಿದ್ಧತೆಯಲ್ಲೂ ಬುತ್ತಿ ಕಟ್ಟಲು ದಾರ ಇರಲಿಲ್ಲ! ಅಸ್ಮಾ(ರ) ತಮ್ಮ ಸೊಂಟಪಟ್ಟಿಯನ್ನೇ ಹರಿದು ಕಟ್ಟಿದರು. ಶತ್ರುಗಳು ಗುಹೆಯ ಬಾಯಿಗೇ ಬಂದಾಗ ಯಾವ ಯೋಜನೆಯೂ ಉಳಿದಿರಲಿಲ್ಲ. ಆಗ ಪ್ರವಾದಿ(ಸ) ತಮ್ಮ ಸಂಗಾತಿಗೆ, ಅಲ್ಲಾಹನು ನಮ್ಮೊಂದಿಗಿದ್ದಾನೆಂದು ಧೈರ್ಯ ತುಂಬಿದರು. ಕೈಲಾದುದನ್ನೆಲ್ಲ ಮಾಡಿ ಮುಗಿಸಿದ ಮೇಲಿನ ಈ ಭರವಸೆಯೇ ತವಕ್ಕುಲ್.

ಹಾಗಾದರೆ ಯುವಕರೇ, ಮರೆತರೆ ಜೀವಕ್ಕೆ ಅಥವಾ ಇತರರಿಗೆ ತೊಂದರೆಯಾಗುವ ವಿಷಯಗಳನ್ನು ಬಿಡದೆ ಯೋಜಿಸಿ. ಬ್ರೇಕ್, ಟಯರ್, ಹೆಲ್ಮೆಟ್, ಲೈಸೆನ್ಸ್, ಇನ್ಶೂರೆನ್ಸ್ ನೋಡಿಕೊಳ್ಳಿ. ಮನಾಲಿಯ ದಾರಿಯಲ್ಲಿ ಬಂಕ್‌ಗಳು ವಿರಳ, ಪೆಟ್ರೋಲ್ ಜೊತೆಗಿರಲಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ದೇಹ ಒಗ್ಗಲು ವಿಶ್ರಾಂತಿಯ ದಿನಗಳನ್ನಿಡಿ. ನಮ್ಮೂರಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಫೋನ್ ಬಾರದಿದ್ದರೆ ಇಲ್ಲಿ ತಾಯಿ ನಿದ್ದೆಗೆಡುತ್ತಾಳೆ. ಸುನ್ನತ್ತಿನಂತೆ ಮೂವರಲ್ಲಿ ಒಬ್ಬನನ್ನು ಅಮೀರನನ್ನಾಗಿ ಮಾಡಿ. ಸಾಲವಿದ್ದರೆ ತೀರಿಸಿ, ಇಲ್ಲವೇ ಬರೆದಿಟ್ಟು ಮನೆಯವರಿಗೆ ತಿಳಿಸಿ.

ಆದರೆ ಗಂಟೆ ಗಂಟೆಯ ಪಟ್ಟಿಯನ್ನು ಸಡಿಲಿಸಿ. ಕೆಲವು ವರ್ಷಗಳ ಹಿಂದೆ ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಬೈಕಿನಲ್ಲಿ ಹೊರಟ ಯುವಕನೊಬ್ಬನ ಜನಾಝಾ ನಮಾಝಿಗೆ ನಾನೇ ಇಮಾಮನಾಗಿದ್ದೆ. ಸುಬಹಿಗೆ ಮನೆಯಲ್ಲಿರಬೇಕೆಂಬುದು ಅವನ ಲೆಕ್ಕ. ನಿದ್ದೆ ಬಂದಾಗ ನಿಲ್ಲಲು ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ತಡವಾಗಿ ಬಂದಿದ್ದರೂ ಆ ತಾಯಿ ಬಾಗಿಲು ತೆರೆಯುತ್ತಿದ್ದಳು.

ಪ್ರಯಾಣಿಕನಿಗೆ ಅಲ್ಲಾಹನೇ ನಮಾಝನ್ನು ಕಸ್ರ್ ಮಾಡಿ ಹಗುರಗೊಳಿಸಿರುವಾಗ, ನಾವೇಕೆ ನಮ್ಮ ಪಟ್ಟಿಯನ್ನು ಫರ್ಳ್ ಮಾಡಿಕೊಳ್ಳಬೇಕು? ಮಳೆ ಬಂದರೆ ನಿಲ್ಲಿ. ದಣಿದರೆ ಮಲಗಿ. ಲಡಾಖ್ ತಲುಪದೆ ಮರಳಿದರೂ ಅದು ಸೋಲಲ್ಲ. ನಾಳೆ ಅಲ್ಲಿರುತ್ತೇವೆ ಎನ್ನುವಾಗ 'ಇನ್ ಶಾ ಅಲ್ಲಾಹ್' ಎನ್ನಿ, ಅದನ್ನು ಮನಸ್ಸಿನಿಂದ ಹೇಳಿ.

ಹೆತ್ತವರೇ, ಮಕ್ಕಳು ಹೊರಡುವಾಗ "ಬೇಗ ಬಾ" ಎನ್ನಬೇಡಿ, "ನಿಧಾನವಾಗಿ ಬಾ" ಎನ್ನಿ.

ಅಲ್ಲಾಹನು ನಮ್ಮ ಎಲ್ಲ ಪ್ರಯಾಣಿಕರನ್ನು ಕ್ಷೇಮವಾಗಿ ಮನೆಗೆ ತಲುಪಿಸಲಿ. ಕೊನೆಯ ಪ್ರಯಾಣಕ್ಕೆ ತಕ್ವಾದ ಬುತ್ತಿಯನ್ನು ನಮಗೆ ದಯಪಾಲಿಸಲಿ. ಆಮೀನ್.